ಹಾಡುಗಾರ್ತಿ ಬಣ್ಣ ಹಚ್ಚಿದಾಗ

ಈ ಹೊತ್ತು ನಿಮಗೆ ನಾನು ಪರಿಚಯ ಮಾಡಿಕೊಡಬೇಕೆಂದಿರುವ ಕಲಾವಿದೆಯ ಹೆಸರು ಬ್ಯೋರ್ಕ್. ಕಿವಿಗೆ ತುಸು ಒರಟಾದ ಹೆಸರು, ನಿಜ. ಆದರೆ ಐಸ್‌ಲೆಂಡ್ ದ್ವೀಪದ ಭಾಷೆಯಲ್ಲಿ ಅದು ಒಂದು ಮರದ ಹೆಸರು. ಅದೇ ಜಾತಿಯ ಮರವನ್ನು ಇಂಗ್ಲಿಷರು ಬರ್ಚ್ ಎನ್ನುತ್ತಾರೆ. ನಮ್ಮ ಸಂಸ್ಕೃತ ಕವಿಗಳು ಭೂರ್ಜ ಎಂದರು. ಮೂರೂ ಒಂದೇ ಬೇರಿನಿಂದ ಚಿಗುರಿದ ಮಾತುಗಳೆಂಬುದು ಭಾಷಾಶಾಸ್ತ್ರಜ್ಞರ ಮತ. ಭೂರ್ಜಪತ್ರದ ಮೇಲೆ ಬರೆದ ಓಲೆಗಳ ಸಂಗತಿಯನ್ನು ನೀವು ಕೇಳಿಯೇ ಇದ್ದೀರಿ. ಅಂತೂ ಹೆಸರಿನ ಮಟ್ಟಿಗೆ ಆಕೆಗೂ ನಮಗೂ ದೂರದ ನಂಟಸ್ತಿಕೆಯುಂಟು.

ಆಕೆಯ ಪೂರ್ತಿ ಹೆಸರು ಬ್ಯೋರ್ಕ್ ಗುಡ್ಮುಂಡ್ಸ್‌ದೋತ್ತಿರ್. ಕೊನೆಯದು ಮನೆತನದ ಹೆಸರಲ್ಲ. ಗುಡ್ಮುಂಡನ ಮಗಳು ಎಂದಷ್ಟೇ ಅದರ ಅರ್ಥ. ಐಸ್‌ಲೆಂಡಿನಲ್ಲಿ ಪ್ರಧಾನಮಂತ್ರಿಯಿಂದ ಹಿಡಿದು ಮೀನುಗಾರನವರೆಗೆ ಎಲ್ಲರನ್ನೂ ಮೊದಲ ಹೆಸರಿನಿಂದಲೇ ಕರೆಯುವುದು ವಾಡಿಕೆ. ಟೆಲಿಫೋನ್ ಪುಸ್ತಕವಿದ್ದ ಕಾಲದಲ್ಲಿ ಅದರಲ್ಲಿ ಹೆಸರುಗಳನ್ನು ಜೋಡಿಸುತ್ತಿದ್ದುದೂ ಹಾಗೆಯೇ. ಆದ್ದರಿಂದ ನಾನೂ ಬರಿಯ ಬ್ಯೋರ್ಕ್ ಎಂದರೆ ಅದನ್ನು ಸಲಿಗೆಯೆಂದು ಭಾವಿಸಬೇಡಿ.

ಈಕೆ ಗಾಯಕಿ, ನಟಿಯೂ ಹೌದು. ಇದರಲ್ಲೇನು ಹೆಚ್ಚುಗಾರಿಕೆ ಎಂದು ನೀವು ಕೇಳಬಹುದು. ಹಾಡಲು ಬಾರದವನಿಗೆ ಕಂಪನಿ ನಾಟಕದಲ್ಲಿ ರಾಜಪಾರ್ಟು ಸಿಗುತ್ತಿರಲಿಲ್ಲವೆಂಬುದನ್ನು ಬಲ್ಲ ಜನ ನಾವು. ಆದರೆ ಬ್ಯೋರ್ಕಳ ವಿಷಯ ಬೇರೆ. ಹಾಡು ಆಕೆಗೆ ಸ್ವಂತ ಮನೆ, ನಟನೆ ಪರರ ಮನೆ. ಆ ಪರರ ಮನೆಗೆ ಒಮ್ಮೆ ಕಾಲಿಟ್ಟು ಆಕೆ ತೆತ್ತ ಬೆಲೆ ಏನು, ಗಳಿಸಿದ್ದೇನು ಎಂಬುದನ್ನು ನಿಮ್ಮೆದುರು ಇಡಬೇಕೆಂದು ನನ್ನ ಆಸೆ.

ಮೊದಲು ಒಂದು ಮಾತನ್ನು ಬಿಡಿಸಿ ಹೇಳಬೇಕು. ಈಕೆ ಬೆಳೆದು ಬಂದ ಸಂಗೀತಕ್ಕೆ ಇಂಡಿ ರಾಕ್ ಎನ್ನುತ್ತಾರೆ. ವಿಜಯಪುರ ಜಿಲ್ಲೆಯ ಇಂಡಿಗೂ ಇದಕ್ಕೂ ಏನೂ ಸಂಬಂಧವಿಲ್ಲ! ಇಂಡಿಪೆಂಡೆಂಟ್ ಎಂಬುದನ್ನು ಹ್ರಸ್ವಮಾಡಿ ಇಂಡಿ ಎಂದರು. ದೊಡ್ಡ ಗ್ರಾಮಫೋನ್ ಕಂಪೆನಿಗಳ ಹಂಗಿಗೆ ಬೀಳದೆ, ನಾಲ್ಕಾರು ಗೆಳೆಯರು ಕೂಡಿ, ತಮ್ಮ ದುಡ್ಡಿನಲ್ಲಿ ತಟ್ಟೆಗಳನ್ನು ಮುದ್ರಿಸಿ, ತಾವೇ ಮಾರುವ ಪದ್ಧತಿ ಅದು. ಮೊದಲಿಗೆ ವ್ಯಾಪಾರದ ಬಗೆಯನ್ನು ಸೂಚಿಸುತ್ತಿದ್ದ ಮಾತು ಆಮೇಲೆ ಸಂಗೀತದ ಬಗೆಗೇ ಹೆಸರಾಗಿ ನಿಂತಿತು. ಗಿಟಾರು, ಡೋಲು, ಕಂಠ. ಅಲಂಕಾರ ಕಡಿಮೆ, ಹಟ ಹೆಚ್ಚು.

ಬ್ಯೋರ್ಕ್ ಹುಟ್ಟಿದ್ದು 1965ರ ನವೆಂಬರ್ 21ರಂದು, ಐಸ್‌ಲೆಂಡಿನ ರಾಜಧಾನಿ ರೇಕ್ಯವಿಕ್‌ನಲ್ಲಿ. ತಂದೆ ವಿದ್ಯುತ್ ಕೆಲಸಗಾರ. ಮುಂದೆ ಕಾರ್ಮಿಕ ಸಂಘದ ನಾಯಕನಾದವನು. ತಂದೆತಾಯಿ ಬೇಗನೆ ಬೇರೆಯಾದರು. ಹುಡುಗಿ ಬೆಳೆದದ್ದು ತಾಯಿಯ ಬಳಿ, ಗಿಟಾರ್ ನುಡಿಸುವ ಮಲತಂದೆಯ ಮನೆಯಲ್ಲಿ. ಎಳೆಯ ವಯಸ್ಸಿನಲ್ಲೇ ಸಂಗೀತಶಾಲೆಗೆ ಸೇರಿ ಪಿಯಾನೋ, ಕೊಳಲು ಕಲಿತಳು. ಆದರೆ ಹಾಡನ್ನು ಕಲಿತದ್ದು ಶಾಲೆಯ ಹಾದಿಯಲ್ಲಿ. ಗಾಳಿ ಬೀಸುವ ಬಯಲಿನಲ್ಲಿ ಒಬ್ಬಳೇ ನಡೆಯುತ್ತ, ಯಾರೂ ಕೇಳುವವರಿಲ್ಲವೆಂಬ ಧೈರ್ಯದಿಂದ ಗಟ್ಟಿಯಾಗಿ ಹಾಡುತ್ತಿದ್ದೆನೆಂದು ಆಕೆಯೇ ಹೇಳಿಕೊಂಡಿದ್ದಾಳೆ. ಪಿಸುದನಿಯಿಂದ ಒಮ್ಮೆಲೇ ಕೂಗಿಗೆ ನೆಗೆಯುವ ಆ ಶಾರೀರವನ್ನು ಕೇಳಿದರೆ ಈ ಮಾತನ್ನು ನಂಬಲು ಕಷ್ಟವಾಗದು.

ಇನ್ನು ಮುಂದಿನದು, ಮನೆಯಲ್ಲಿ ರೇಡಿಯೋ ಇಟ್ಟುಕೊಂಡಿರುವ ನಿಮಗೆ ವಿಶೇಷವಾಗಿ ಹಿಡಿಸಬೇಕಾದ ಸಂಗತಿ. ಶಾಲೆಯ ಒಂದು ಕಾರ್ಯಕ್ರಮದಲ್ಲಿ ಹುಡುಗಿ ಆಗ ಜನಪ್ರಿಯವಾಗಿದ್ದ ಇಂಗ್ಲಿಷ್ ಹಾಡೊಂದನ್ನು ಹಾಡಿದಳು. ಟೀನಾ ಚಾರ್ಲ್ಸ್ ಎಂಬಾಕೆ 1976ರಲ್ಲಿ ಹೆಸರು ಮಾಡಿದ ಹಾಡು. ಉಪಾಧ್ಯಾಯರು ಅದನ್ನು ಧ್ವನಿಮುದ್ರಿಸಿ ಬಾನುಲಿ ಕೇಂದ್ರಕ್ಕೆ ಕಳಿಸಿಕೊಟ್ಟರು. ಆಗ ಇಡೀ ಐಸ್‌ಲೆಂಡಿಗೆ ಇದ್ದುದು ಒಂದೇ ಬಾನುಲಿ, ಸರಕಾರದ್ದು. ದೇಶದ ಜನಸಂಖ್ಯೆ ಎರಡು ಲಕ್ಷ ಚಿಲ್ಲರೆ. ಟೆಲಿವಿಷನ್ ಇತ್ತು, ಆದರೆ ಗುರುವಾರಗಳಂದು ಅದಕ್ಕೆ ರಜಾ! ಈ ಗುರುವಾರದ ರಜೆ 1987ರವರೆಗೂ ನಡೆದುಬಂದಿತು. ಅಂಥ ದೇಶದಲ್ಲಿ ಒಂದು ಹಾಡು ಬಾನುಲಿಯಲ್ಲಿ ಬಂತೆಂದರೆ ಅದನ್ನು ಕೇಳದ ಮನೆ ಉಳಿಯುವುದು ಹೇಗೆ? ಗ್ರಾಮಫೋನ್ ಕಂಪೆನಿಯೊಂದರ ಕಿವಿಗೂ ಅದು ಬಿತ್ತು. 1977ರ ಡಿಸೆಂಬರಿನಲ್ಲಿ ಬ್ಯೋರ್ಕಳ ಮೊದಲ ತಟ್ಟೆ ಹೊರಬಂದಾಗ ಆಕೆಗೆ ಹನ್ನೆರಡು ತುಂಬಿ ಕೆಲವು ವಾರಗಳಾಗಿದ್ದವು. ಅದರಲ್ಲಿ ಆಕೆಯೇ ರಚಿಸಿದ ಒಂದು ವಾದ್ಯಕೃತಿಯೂ ಇದೆ. ಐಸ್‌ಲೆಂಡಿನ ಹಿರಿಯ ಚಿತ್ರಕಾರ ಕ್ಯಾರ್ವಲ್‌ನ ನೆನಪಿಗೆ ಅರ್ಪಿಸಿದ್ದು.

ಬಾಲಪ್ರತಿಭೆಗಳು ಮುಂದೆ ಏನಾಗುತ್ತಾರೆಂಬುದನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಈ ಹುಡುಗಿ ಆ ಹಾದಿ ಹಿಡಿಯಲಿಲ್ಲ. ಹದಿಹರೆಯಕ್ಕೆ ಬರುತ್ತಲೇ ಬೀದಿಯ ಹುಡುಗರೊಡನೆ ಪಂಕ್ ಮೇಳಗಳನ್ನು ಕಟ್ಟಿದಳು. ಒಂದರ ಹೆಸರು ತಪ್ಪಿ ತೀಕರಾಸ್; ಅದರ ಅರ್ಥವನ್ನು ಮನೆಮಂದಿಯೆಲ್ಲ ಕೂತು ಓದುವ ಪತ್ರಿಕೆಯಲ್ಲಿ ಹೇಳುವಂತಿಲ್ಲ. 1983ರಲ್ಲಿ ಮತ್ತೆ ಬಾನುಲಿಯೇ ಆಕೆಯ ದಿಕ್ಕನ್ನು ಬದಲಿಸಿತು. ಹೊಸ ಸಂಗೀತವನ್ನು ಕೇಳಿಸುತ್ತಿದ್ದ ಕಾರ್ಯಕ್ರಮವೊಂದು ಮುಕ್ತಾಯವಾಗಲಿತ್ತು. ಅದನ್ನು ನಡೆಸುತ್ತಿದ್ದವರು ಕೊನೆಯ ಪ್ರಸಾರಕ್ಕೆಂದು ಬೇರೆಬೇರೆ ಮೇಳಗಳಿಂದ ತಮಗೆ ಮೆಚ್ಚಿನವರನ್ನು ಆರಿಸಿ ಒಟ್ಟುಗೂಡಿಸಿದರು. ಒಂದು ರಾತ್ರಿಯ ಪ್ರಸಾರಕ್ಕೆ ಕೂಡಿದವರು ಮತ್ತೆ ಚದುರಲೇ ಇಲ್ಲ. ಕುಕ್ಲ್ ಎಂಬ ಹೆಸರಿಟ್ಟುಕೊಂಡು ಮೂರು ವರ್ಷ ಊರೂರು ತಿರುಗಿದರು. ಕುಕ್ಲ್ ಎಂದರೆ ಮಾಟ.

ಆ ಗುಂಪಿನ ಹಲವರೇ 1986ರಲ್ಲಿ ಸಕ್ಕರೆಯ ತುಂಡುಗಳು ಎಂಬ ಅರ್ಥ ಬರುವ ಶುಗರ್‌ಕ್ಯೂಬ್ಸ್ ಮೇಳವನ್ನು ಕಟ್ಟಿದರು. ಜತೆಗೇ ಕೆಟ್ಟ ಅಭಿರುಚಿ ಎಂಬ ಹೆಸರಿನ ಒಂದು ಪ್ರಕಟನಾಲಯ, ಕವಿಗಳೂ ವಾದ್ಯಗಾರರೂ ಕೂಡಿ ನಡೆಸುವಂಥದು. ಬಂಡವಾಳ ಎಲ್ಲಿಂದ ಬರಬೇಕು? ಆ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ನರೂ ಸೋವಿಯತ್ ನಾಯಕ ಗೋರ್ಬಚೇವರೂ ಅಣ್ವಸ್ತ್ರಗಳ ಮಾತುಕತೆಗೆ ರೇಕ್ಯವಿಕ್‌ಗೆ ಬಂದಿಳಿದರು. ಜಗತ್ತಿನ ಪತ್ರಕರ್ತರೆಲ್ಲ ಆ ಪುಟ್ಟ ಊರಿಗೆ ಮುತ್ತಿಗೆ ಹಾಕಿದ್ದಾರೆ. ಈ ಗೆಳೆಯರು ಆ ಸಮ್ಮೇಳನದ ನೆನಪಿಗೆ ಒಂದು ಚಿತ್ರದ ಕಾರ್ಡನ್ನು ಅಚ್ಚು ಹಾಕಿಸಿ ಮಾರಿದರು. ಕಾರ್ಡು ಬಿಸಿದೋಸೆಯಂತೆ ಖರ್ಚಾಯಿತು. ಆ ದುಡ್ಡಿನಿಂದ ಮೇಳದ ಮೊದಲ ತಟ್ಟೆ ಹೊರಬಿತ್ತು, ಬ್ಯೋರ್ಕಳಿಗೆ ಇಪ್ಪತ್ತೊಂದು ತುಂಬಿದ ದಿನವೇ. ಅಣ್ವಸ್ತ್ರದ ಮಾತುಕತೆಯಿಂದ ಆ ಎರಡು ದಿನಗಳಲ್ಲಿ ಒಪ್ಪಂದವೇನೂ ಹುಟ್ಟಲಿಲ್ಲ. ಒಂದು ಹಾಡಂತೂ ಹುಟ್ಟಿತು.

ಆ ಹಾಡನ್ನೇ 1987ರಲ್ಲಿ ಇಂಗ್ಲಿಷಿಗೆ ತಿರುಗಿಸಿ, ಬರ್ತ್‌ಡೇ ಎಂಬ ಹೆಸರಿನಿಂದ ಲಂಡನ್ನಿನ ಒಂದು ಚಿಕ್ಕ ಸಂಸ್ಥೆ ಪ್ರಕಟಿಸಿತು. ಬಿ.ಬಿ.ಸಿ.ಯಲ್ಲಿ ಜಾನ್ ಪೀಲ್ ಎಂಬವರು ರಾತ್ರಿಯ ಹೊತ್ತು ಹೊಸಬರ ತಟ್ಟೆಗಳನ್ನು ಕೇಳಿಸುತ್ತಿದ್ದರು. ವರ್ಷದ ಕೊನೆಗೆ ಶ್ರೋತೃಗಳ ಮತ ಪಡೆದು ಐವತ್ತು ಹಾಡುಗಳ ಪಟ್ಟಿ ಮಾಡುವುದು ಅವರ ಪದ್ಧತಿ. 1987ರ ಪಟ್ಟಿಯಲ್ಲಿ ಮೊದಲ ಸ್ಥಾನ ಈ ಹಾಡಿನದಾಯಿತು. ಪ್ರಚಾರಕ್ಕೆ ಹಣವಿಲ್ಲದ, ಉತ್ತರಧ್ರುವದ ನೆರೆಯ ದ್ವೀಪದ ಒಂದು ಮೇಳವನ್ನು ಹೊರಗಿನ ಜಗತ್ತಿಗೆ ತೋರಿಸಿಕೊಟ್ಟವರು ಕಾರ್ಡಿನ ಮೇಲೆ ಹೆಸರು ಬರೆದು ಅಂಚೆಗೆ ಹಾಕಿದ ರೇಡಿಯೋ ಕೇಳುಗರು. ನಮ್ಮ ಬಾನುಲಿಗೆ ಬರುವ ಕಾರ್ಡುಗಳಿಂದ ಏನಾಗುತ್ತದೆ ಎಂದು ನಗುವವರಿಗೆ ಈ ಸಂಗತಿಯನ್ನು ಹೇಳಿ.

ಮೇಳ 1992ರವರೆಗೆ ನಡೆಯಿತು. ಅಷ್ಟರೊಳಗೆ ಬ್ಯೋರ್ಕ್ ಒಮ್ಮೆ ಬಣ್ಣ ಹಚ್ಚಿದ್ದಳು. ನೀಚ್ಕ ಕೀನ್ ಎಂಬ ಅಮೆರಿಕದ ನಿರ್ದೇಶಕಿ ಗ್ರಿಮ್ ಸೋದರರ ಜಾನಪದ ಕಥೆಯೊಂದನ್ನು ಹಿಡಿದು 1986ರಲ್ಲಿ ಐಸ್‌ಲೆಂಡಿನ ಬಯಲುಗಳಲ್ಲಿ ಕಪ್ಪುಬಿಳುಪಿನ ಒಂದು ಚಿತ್ರವನ್ನು ತೆಗೆದಳು. ಹೆಸರು ದಿ ಜೂನಿಪರ್ ಟ್ರೀ. ತಾಯಿಯನ್ನು ಮಾಟಗಾತಿಯೆಂದು ಊರವರು ಕೊಂದಿದ್ದಾರೆ, ಅಕ್ಕತಂಗಿಯರಿಬ್ಬರು ಓಡಿಬಂದಿದ್ದಾರೆ, ತಂಗಿ ಮಾರ್ಗಿಟ್‌ಗೆ ಸತ್ತ ತಾಯಿ ಕಾಣಿಸಿಕೊಳ್ಳುತ್ತಾಳೆ. ಆ ತಂಗಿಯೇ ಬ್ಯೋರ್ಕ್. ಹಣದ ಅಡಚಣೆಯಿಂದ ಚಿತ್ರ ತೆರೆಗೆ ಬರಲು 1990 ಹಿಡಿಯಿತು. ಬಂದರೂ ಕೆಲವರೇ ನೋಡಿದರು. ಹೆಚ್ಚು ಮಾತಿಲ್ಲ, ಅಭಿನಯವೆಂದು ಕಾಣುವ ಅಭಿನಯವಿಲ್ಲ. ಆ ಮುಖ ಸುಮ್ಮನೆ ಕೇಳುತ್ತಿರುವಂತೆ ತೋರುತ್ತದೆ. ನನಗೆ ಈ ಚಿತ್ರ ಬಹಳ ಮೆಚ್ಚಿಕೆ.

1993ರಲ್ಲಿ ಲಂಡನ್ನಿನಲ್ಲಿ ನೆಲೆಸಿ ಡೆಬ್ಯೂ ಎಂಬ ತಟ್ಟೆಯನ್ನು ಹೊರತಂದಳು. ಪ್ರಕಾಶಕರು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚಾಗಿ, ಲಕ್ಷಗಟ್ಟಲೆ ಮಾರಾಟವಾಯಿತು. ಅದರಲ್ಲಿ ತಬಲ ನುಡಿಸಿದವನು ತಲ್ವಿನ್ ಸಿಂಗ್. ಅದರ ಒಂದು ಹಾಡಿಗೆ ಬೇಕಾದ ಪಿಟೀಲು ಮೇಳವನ್ನು ಆತ ನಮ್ಮ ಮುಂಬಯಿಯಲ್ಲೇ ಧ್ವನಿಮುದ್ರಿಸಿಕೊಂಡು ಹೋದ. ಮುಂದೆ 1995, 1997ರ ತಟ್ಟೆಗಳಿಂದ ಕೀರ್ತಿ ಇನ್ನೂ ಹಬ್ಬಿತು. ಇವನ್ನೆಲ್ಲ ನಾನು ಬೇಗಬೇಗ ದಾಟಿಸುತ್ತಿರುವುದು ಮುಂದಿನ ಕಥೆಗೆ ಹೊತ್ತು ಬೇಕೆಂದು.

ಡೆನ್ಮಾರ್ಕಿನ ಲಾರ್ಸ್ ಫಾನ್ ಟ್ರಿಯರ್ ಎಂಬ ನಿರ್ದೇಶಕ ಆಕೆಯ ಬಳಿಗೆ ಬಂದ. ಮೊದಲು ಕೇಳಿದ್ದು ಸಂಗೀತವನ್ನು ಮಾತ್ರ. ಆಕೆ ಒಪ್ಪಿ ಹಾಡುಗಳನ್ನು ಹೆಣೆಯತೊಡಗಿದಳು. ಆಮೇಲೆ ಈ ಹಾಡುಗಳನ್ನು ಹಾಡಬೇಕಾದ ನಾಯಕಿ ನೀನೇ ಎಂದು ಆತ ಹಟ ಹಿಡಿದ. ಬಹಳ ಹಿಂಜರಿದು ಒಪ್ಪಿಕೊಂಡಳು. ಡ್ಯಾನ್ಸರ್ ಇನ್ ದಿ ಡಾರ್ಕ್ ಎಂಬ ಆ ಚಿತ್ರ 2000ದಲ್ಲಿ ಹೊರಬಂತು.

ಕಥೆ ನಡೆಯುವುದು 1964ರ ಅಮೆರಿಕದಲ್ಲಿ, ವಾಷಿಂಗ್ಟನ್ ಸಂಸ್ಥಾನದಲ್ಲಿ. ಸೆಲ್ಮ ಎಂಬ ಚೆಕ್ ಹೆಂಗಸು ತಗಡಿನ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಾಳೆ. ವಂಶದಲ್ಲಿ ಬಂದ ಕಾಯಿಲೆಯಿಂದ ಆಕೆಯ ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ. ಮಗನಿಗೂ ಅದೇ ಗತಿ ಕಾದಿದೆ. ಮಗನ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಕಾಸಿಗೆ ಕಾಸು ಸೇರಿಸಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಾಳೆ. ನೆರೆಮನೆಯ ಪೊಲೀಸಿನವನು ಅದನ್ನು ಕದಿಯುತ್ತಾನೆ, ಜಗಳದಲ್ಲಿ ಕೊಲೆಯಾಗುತ್ತದೆ, ಸೆಲ್ಮಳಿಗೆ ಗಲ್ಲು. ಕಥೆಯಷ್ಟನ್ನೇ ಕೇಳಿದರೆ ಇದೇನು, ಕಣ್ಣೀರು ಸುರಿಸಲೆಂದೇ ಹೊಲಿದ ಕಥೆ ಎನ್ನಿಸುವುದು ಸಹಜ. ನನಗೂ ಹಾಗೆಯೇ ಅನ್ನಿಸುತ್ತದೆ. ನಿರ್ದೇಶಕ ತನ್ನ ನಾಯಕಿಯನ್ನು ಒಂದು ದುಃಖದಿಂದ ಇನ್ನೊಂದಕ್ಕೆ ತಳ್ಳುವಾಗ ಒಂದಿಷ್ಟೂ ನಾಚುವುದಿಲ್ಲ.

ಆದರೆ ಈ ಚಿತ್ರವನ್ನು ಕಣ್ಣಿನಿಂದ ನೋಡುವುದಕ್ಕಿಂತ ಕಿವಿಯಿಂದ ನೋಡಬೇಕು. ಕಣ್ಣು ಮಂಜಾದ ಸೆಲ್ಮ ಬದುಕುತ್ತಿರುವುದೇ ಕಿವಿಯಲ್ಲಿ. ಯಂತ್ರಗಳು ತಗಡನ್ನು ಒತ್ತುವ ಸದ್ದು ಆಕೆಗೆ ತಾಳವಾಗುತ್ತದೆ, ತಾಳ ಹಾಡಾಗುತ್ತದೆ, ಕಾರ್ಖಾನೆಯವರೆಲ್ಲ ಆಕೆಯ ಕಲ್ಪನೆಯಲ್ಲಿ ಕುಣಿಯತೊಡಗುತ್ತಾರೆ. ಸಪ್ಪೆಯಾಗಿದ್ದ ಬಣ್ಣಗಳು ಆ ಹೊತ್ತಿಗೆ ಮಾತ್ರ ಹೊಳೆಯುತ್ತವೆ. ಸೇತುವೆಯ ಮೇಲೆ ರೈಲಿನ ಗಾಲಿಗಳ ಲಯಕ್ಕೆ ಇನ್ನೊಂದು ಹಾಡು. ಸೆರೆಮನೆಯಲ್ಲಿ ಏನು ಮಾಡಬೇಕು? ಅಲ್ಲಿ ಸದ್ದೇ ಇಲ್ಲ. ಆಕೆಗೆ ಗಲ್ಲಿಗಿಂತ ಆ ನಿಶ್ಶಬ್ದವೇ ಭಯಂಕರ. ಗಾಳಿಯ ಕೊಳವೆಗೆ ಕಿವಿಯಿಟ್ಟು, ದೂರದ ಪ್ರಾರ್ಥನೆಯ ದನಿ ಎಳೆಯಂತೆ ತೇಲಿಬರುವುದನ್ನು ಹಿಡಿದು, ಅದರ ಮೇಲೆ ತನ್ನ ಹಾಡನ್ನು ಕಟ್ಟಿಕೊಳ್ಳುತ್ತಾಳೆ. ವಧಸ್ಥಾನಕ್ಕೆ ನೂರೇಳು ಹೆಜ್ಜೆ. ಸೆಲ್ಮಳ ಕಾಲು ಏಳುವುದಿಲ್ಲ. ಕಾವಲಿನ ಹೆಂಗಸು ತನ್ನ ಬೂಟುಗಾಲನ್ನು ನೆಲಕ್ಕೆ ಬಡಿದು ತಾಳ ಕೊಡುತ್ತಾಳೆ. ಆ ತಾಳದ ಮೇಲೆ ಸೆಲ್ಮ ನಡೆಯುತ್ತಾಳೆ. ಇದನ್ನು ಕಂಡು ನಾನು ಕನ್ನಡಕ ಒರೆಸಿಕೊಂಡೆನೆಂದು ಹೇಳಲು ನಾಚಿಕೆಯಿಲ್ಲ.

ಈ ಹಾಡುಗಳ ಚಿತ್ರೀಕರಣಕ್ಕೆ ನಿರ್ದೇಶಕ ನೂರು ಚಿಕ್ಕ ಕ್ಯಾಮರಗಳನ್ನು ಅಲ್ಲಲ್ಲಿ ನಿಲ್ಲಿಸಿ, ಕುಣಿತವನ್ನು ಒಂದೇ ಓಟದಲ್ಲಿ ಹಿಡಿಯಲು ಯತ್ನಿಸಿದ. ವಿಮಾನಕ್ಕೆ ಹೆದರುವ ಈತ ಅಮೆರಿಕವನ್ನು ಕಂಡವನೇ ಅಲ್ಲ. ಅಮೆರಿಕದ ಊರೆಂದು ತೋರಿಸಿದ್ದು ಬಹುಪಾಲು ಸ್ವೀಡನ್ನಿನ ನೆಲ. ಫ್ರಾನ್ಸಿನ ಹಿರಿಯ ತಾರೆ ಕ್ಯಾತರೀನ್ ದನವ್ ಸೆಲ್ಮಳ ಗೆಳತಿಯಾಗಿ ಕಾರ್ಖಾನೆಯ ಉಡುಪು ತೊಟ್ಟಿದ್ದಾಳೆ.

ತೆರೆಯ ಹಿಂದೆ ನಡೆದದ್ದು ಬೇರೆಯೇ ಒಂದು ನಾಟಕ. ನಟನೆಯ ವಿದ್ಯೆಯನ್ನು ಕಲಿತವರು ಪಾತ್ರವನ್ನು ಅಂಗಿಯಂತೆ ತೊಟ್ಟು, ಸಂಜೆ ಕಳಚಿಟ್ಟು ಮನೆಗೆ ಹೋಗುತ್ತಾರೆ. ಬ್ಯೋರ್ಕಳಿಗೆ ಆ ವಿದ್ಯೆ ಇರಲಿಲ್ಲ. ಪಾತ್ರವನ್ನು ಆಡದೆ ಪಾತ್ರವೇ ಆಗಿಬಿಟ್ಟಳೆಂದು ಜತೆಯವರು ಹೇಳಿದರು. ಅದು ಹೊಗಳಿಕೆಯೋ ಕನಿಕರವೋ ನಾನರಿಯೆ. ಇನ್ನೊಂದು ಕಡೆ ಸಂಗೀತದ ವಿಷಯದಲ್ಲಿ ಆಕೆ ಬಗ್ಗುವವಳಲ್ಲ. ತಾನು ಕಟ್ಟಿದ ಸ್ವರವನ್ನು ಚಿತ್ರದ ಅನುಕೂಲಕ್ಕೆಂದು ಇನ್ನೊಬ್ಬರು ಕತ್ತರಿಸುವುದನ್ನು ಸಹಿಸದೆ, ಹಾಡುಗಳ ಮೇಲೆ ಕೊನೆಯ ಮಾತು ತನ್ನದೇ ಆಗಬೇಕೆಂದು ಪಟ್ಟುಹಿಡಿದಳು. ಒಮ್ಮೆ ಚಿತ್ರೀಕರಣವನ್ನೇ ಬಿಟ್ಟು ಕೆಲವು ದಿನ ಹೊರಟುಹೋದದ್ದೂ ಉಂಟು. ಪತ್ರಿಕೆಗಳು ಆಗ ಆಕೆಯನ್ನು ಹುಚ್ಚು ಹಟಮಾರಿ ಎಂದು ಚಿತ್ರಿಸಿದವು. ಗಂಡಸು ಹಾಗೆ ಮಾಡಿದರೆ ಪ್ರತಿಭಾವಂತನ ಲಕ್ಷಣ, ಹೆಂಗಸು ಮಾಡಿದರೆ ರಂಪ: ಇದು ಆ ದೇಶದ ಲೋಕರೂಢಿಯೂ ಹೌದೆಂದು ತೋರುತ್ತದೆ.

2000ದ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಅತ್ಯುಚ್ಚ ಬಹುಮಾನ ಆ ಚಿತ್ರಕ್ಕೆ ಬಂತು. ಅತ್ಯುತ್ತಮ ನಟಿಯ ಬಹುಮಾನ ಬ್ಯೋರ್ಕಳಿಗೆ. ಚಿತ್ರಮಂದಿರಕ್ಕೆಂದು ತೆಗೆದ ಚಿತ್ರದಲ್ಲಿ ದೊಡ್ಡ ಪಾತ್ರ ವಹಿಸಿದ್ದು ಅದು ಎರಡನೆಯ ಸಲವಷ್ಟೆ. ಬಹುಮಾನ ಬಂದ ಮೇಲೆ ಆಕೆ ಹೇಳಿದ್ದೇನು ಗೊತ್ತೆ? ಇನ್ನು ತಾನು ನಟಿಸುವುದಿಲ್ಲ, ತನ್ನ ಕೆಲಸ ಸಂಗೀತ, ಎಂದು.

ಮರುವರ್ಷ, 2001ರ ಮಾರ್ಚಿನಲ್ಲಿ, ರೈಲಿನ ಆ ಹಾಡು ಆಸ್ಕರ್ ಬಹುಮಾನದ ಪಟ್ಟಿಯಲ್ಲಿತ್ತು. ಅದರ ಮಾತುಗಳನ್ನು ಬರೆದವರಲ್ಲಿ ಆಕೆಯ ಹಳೆಯ ಗೆಳೆಯ, ಐಸ್‌ಲೆಂಡಿನ ಕವಿ ಸ್ಯೋನ್ ಒಬ್ಬ. ಸಮಾರಂಭಕ್ಕೆ ಬ್ಯೋರ್ಕ್ ಹಂಸದ ಉಡುಪು ತೊಟ್ಟು ಬಂದಳು. ಹಂಸದ ಕೊರಳು ಆಕೆಯ ಕೊರಳಿಗೆ ಸುತ್ತಿತ್ತು. ನಡೆಯುತ್ತ ಕೆಂಪು ಹಾಸಿನ ಮೇಲೆ ಮೊಟ್ಟೆಗಳನ್ನು ಇಟ್ಟಳು! ಅಮೆರಿಕದ ಪತ್ರಿಕೆಗಳಿಗೆ ವಾರಗಟ್ಟಲೆ ನಗೆಯ ಸುಗ್ಗಿ. ಬಹುಮಾನ ಬಾಬ್ ಡಿಲನ್‌ಗೆ ಹೋಯಿತು. ಮುಂದೆ 2015ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಆಕೆಯ ಮೇಲೆ ನಡೆಸಿದ ಪ್ರದರ್ಶನದಲ್ಲಿ ಅದೇ ಹಂಸವನ್ನು ನಿಲ್ಲಿಸಿದರು. ನಕ್ಕವರೇ ಟಿಕೆಟ್ಟು ಕೊಂಡು ನೋಡಿರಬೇಕು.

ಆ ಆಗಸ್ಟಿನಲ್ಲಿ ಬಂದ ತಟ್ಟೆ ವೆಸ್ಪರ್ಟೈನ್. ಕಾರ್ಖಾನೆಯ ಗದ್ದಲದಿಂದ ಬಳಲಿ ಬಂದವಳು ಕದ ಮುಚ್ಚಿಕೊಂಡು ಕೂತಂತಿದೆ ಅದು. ಕೀಲಿ ಕೊಟ್ಟರೆ ನುಡಿಯುವ ಸಂಗೀತದ ಪೆಟ್ಟಿಗೆ, ಹಾರ್ಪ್ ವಾದ್ಯ, ಇಸ್ಪೀಟೆಲೆ ಕಲಸುವ ಸದ್ದು, ಮಂಜುಗಡ್ಡೆ ಬಿರಿಯುವ ಸದ್ದು. ಮನೆಯಲ್ಲಿ ಒಬ್ಬರೇ ಕೂತು, ದನಿ ತಗ್ಗಿಸಿ ಕೇಳಬೇಕಾದ ಸಂಗೀತ. ಬ್ಯೋರ್ಕಳನ್ನು ಮೊದಲ ಸಲ ಕೇಳಬಯಸುವವರು ಇಲ್ಲಿಂದ ಪ್ರಾರಂಭಿಸುವುದು ಒಳ್ಳೆಯದೆಂದು ನನ್ನ ಸಲಹೆ.

2017ರ ಅಕ್ಟೋಬರಿನಲ್ಲಿ, ಚಲಚ್ಚಿತ್ರರಂಗದ ಹೆಂಗಸರು ಅನೇಕರು ತಮಗಾದ ಅನ್ಯಾಯವನ್ನು ಬಾಯಿಬಿಟ್ಟು ಹೇಳತೊಡಗಿದಾಗ, ಬ್ಯೋರ್ಕಳೂ ಬಾಯಿತೆರೆದಳು. ಡೆನ್ಮಾರ್ಕಿನ ಒಬ್ಬ ನಿರ್ದೇಶಕ ತನ್ನೊಡನೆ ಅನುಚಿತವಾಗಿ ನಡೆದುಕೊಂಡನೆಂದೂ, ತಾನು ಒಪ್ಪದಿದ್ದಾಗ ತನ್ನನ್ನೇ ತಂಟೆಗಾರ್ತಿಯೆಂದು ಬಿಂಬಿಸಿದನೆಂದೂ ಬರೆದಳು. ಹೆಸರು ಹೇಳಲಿಲ್ಲ. ಫಾನ್ ಟ್ರಿಯರ್ ಆ ಆರೋಪವನ್ನು ಅಲ್ಲಗಳೆದ. ನ್ಯಾಯಸ್ಥಾನದಲ್ಲಿ ಇತ್ಯರ್ಥವಾಗದ ಮಾತಿನ ಮೇಲೆ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಒಂದನ್ನು ಗಮನಿಸಿ. ಆ ಕಷ್ಟವನ್ನು ಎದುರಿಸಿ ನಿಲ್ಲಲು ತನಗೆ ಬಲ ಬಂದದ್ದು ತಾನು ನಟಿಯಾಗಬೇಕೆಂಬ ಹಂಬಲದವಳಲ್ಲವಾದ್ದರಿಂದ, ತನಗೆ ಹಿಂದಿರುಗಲು ಸಂಗೀತವಿತ್ತಾದ್ದರಿಂದ, ಎಂಬ ಅರ್ಥದ ಮಾತನ್ನು ಆಕೆ ಅದರಲ್ಲಿ ಸೇರಿಸಿದ್ದಾಳೆ. ಹಿಂದಿರುಗಲು ಬೇರೆ ಮನೆಯಿಲ್ಲದ ನಟಿಯರ ಪಾಡು ಏನೆಂದು ಆ ಮಾತನ್ನು ಓದಿದವರಿಗೆ ಹೊಳೆಯದೆ ಇರದು.

ನಟಿಸುವುದಿಲ್ಲವೆಂದ ಪ್ರತಿಜ್ಞೆ ಪೂರ್ತಿ ಉಳಿಯಲಿಲ್ಲವೆನ್ನಿ. 2005ರಲ್ಲಿ ಜಪಾನಿನ ತಿಮಿಂಗಿಲದ ಹಡಗಿನ ಮೇಲೆ ನಡೆಯುವ, ಮಾತೇ ಇಲ್ಲವೆನ್ನಬಹುದಾದ ಒಂದು ವಿಚಿತ್ರ ಚಿತ್ರದಲ್ಲಿ ಕಾಣಿಸಿಕೊಂಡಳು. ಅದರ ಸಂಗೀತವೂ ಆಕೆಯದೇ. ಆಮೇಲೆ ಬಹಳ ವರ್ಷ ಚಿತ್ರಗಳ ಸುದ್ದಿಯಿಲ್ಲ. 2018ರಲ್ಲಿ ತಾಯಿ ತೀರಿಕೊಂಡಳು. ಆಕೆಯನ್ನು ನೆನೆದು ಕಟ್ಟಿದ ಹಾಡುಗಳು 2022ರ ಫೊಸ್ಸೋರ ತಟ್ಟೆಯಲ್ಲಿವೆ.

ಅದೇ 2022ರಲ್ಲಿ ದಿ ನಾರ್ತ್‌ಮನ್ ಎಂಬ ಚಿತ್ರ ಬಂತು. ಷೇಕ್ಸ್‌ಪಿಯರನ ಹ್ಯಾಮ್ಲೆಟ್‌ಗೆ ಮೂಲವಾದ ಅಮ್ಲೆಥ್ ಎಂಬ ರಾಜಕುಮಾರನ ಕಥೆ. ನಿರ್ದೇಶಕ ರಾಬರ್ಟ್ ಎಗ್ಗರ್ಸ್. ಕಥೆಯನ್ನು ಜತೆಗೂಡಿ ಬರೆದವನು ಮತ್ತಾರೂ ಅಲ್ಲ, ಕವಿ ಸ್ಯೋನ್; ಅವರಿಬ್ಬರನ್ನು ಪರಿಚಯ ಮಾಡಿಸಿದವಳು ಬ್ಯೋರ್ಕ್. ಅದರಲ್ಲಿ ಆಕೆಯದು ಒಂದೇ ದೃಶ್ಯ. ಕತ್ತಲೆಯಲ್ಲಿ, ತಲೆಯ ಮೇಲೆ ತೆನೆಗಳನ್ನು ಹೊತ್ತ ಒಬ್ಬ ಕಾಲಜ್ಞಾನಿ, ಕಣ್ಣಿಲ್ಲದವಳು, ರಾಜಕುಮಾರನೆದುರು ನಿಂತು ಅವನು ಮರೆತಿದ್ದ ಸೇಡನ್ನು ನೆನಪಿಸುತ್ತಾಳೆ. ಕೆಲವೇ ನಿಮಿಷ. ಸಂಗೀತ ಬೇರೆಯವರದು. ಆಕೆ ಅಲ್ಲಿ ಹಾಡುವುದಿಲ್ಲ. ತಗ್ಗಿದ ದನಿಯಲ್ಲಿ, ತನ್ನ ದ್ವೀಪದವರು ಇಂಗ್ಲಿಷನ್ನು ಉಚ್ಚರಿಸುವ ರೀತಿಯಲ್ಲೇ, ಮಾತನಾಡುತ್ತಾಳೆ.